ಸಿಕ್ಕು

ಸಿಗಡಿ ನಮ್ಮ ಫ್ರಿಜ್ಜಿಗೆ ಬರುವಂತಿಲ್ಲ.
ಹಾಗಾಗಿ ಶನಿವಾರ ರಾತ್ರಿ
ಕೆಳಮನೆಯ ಎಸ್ಪೆರಾನ್ಸಾ ಬಾಯಿಯ ಐಸ್ ಖಾನೆಯಲ್ಲಿ
ನನ್ನದೊಂದು ಡಬ್ಬಿ.
ಮಗಳು ಚೀಟಿ ಬರೆದು ಅಂಟಿಸಿದ್ದಾಳೆ:
‘ಅಪ್ಪನ ಆಟದ ಸಾಮಾನು’.

ಮೀನುಪೇಟೆ ಬಂದರೆ ಸೆರಗಿನಿಂದ ಮೂಗು ಮುಚ್ಚುವ
ರೋಣದ ಕಡೆಯ ಮನೆತನ ನಮ್ಮದು.
ವಾಸ್ಕೋ ಬಂದರಿನ ವೇಬ್ರಿಜ್ಜಿನ ಕೋಣೆಯಲ್ಲಿ
ಹನ್ನೆರಡು ವರ್ಷ ಲಾರಿ ತೂಗಿ ತೂಗಿ
ತೂಕ ಮೊದಲೇ ತಿಳಿಯದ್ದೊಂದು ಬೇಕನ್ನಿಸಿತು,
ಅದಕ್ಕೇ ಗಾಳ ಹಿಡಿದೆ ಅಂದರೆ
ಮಹಾನಂದಾ ನಗುತ್ತಾಳೆ:
“ಲಾಟರಿ ತಗೋಬೇಕಿತ್ರಿ, ನಾತರ ಬರ್ತಿರಲಿಲ್ಲ.”

ಅವಳಿಗೆ ಚಿಕಾಳಿಂ ಆಸ್ಪತ್ರೆಯಲ್ಲಿ ರಾತ್ರಿಪಾಳಿ.
ರವಿವಾರ ಅವಳ ಬಸ್ಸು ಬರುವ ಮುಂಚೆ
ನಾನೂ ನೀಲಾಂಬಿಕೆಯೂ ಸ್ಕೂಟರು ಹತ್ತಿ ಜೆಟ್ಟಿಗೆ.
ದೊಡ್ಡದು ಸಿಕ್ಕರೆ ಎಸ್ಪೆರಾನ್ಸಾ ಬಾಯಿಗೆ,
ಸಣ್ಣದು ನೀರಿಗೆ ವಾಪಸು.
“ತಿನ್ನಂಗಿಲ್ಲಂದ್ರ ಯಾಕ ಹಿಡೀತಿ?” ಅಂತ
ಒಂದನೇ ಇಯತ್ತೆಯಲ್ಲಿದ್ದಾಗ ಕೇಳಿದ್ದಳು.
ಈಗ ನಾಲ್ಕನೇಯದು.
ಉತ್ತರ ಇನ್ನೂ ಬಾಕಿ ಇದೆ.

ಈ ವಾರ ಎರಡನೇ ಎಸೆತಕ್ಕೇ
ಅವಳ ರೀಲಿನ ದಾರ ಗುಬ್ಬಿಗೂಡಾಯಿತು.
ಪಕ್ಕದಲ್ಲಿ ಕಾಳುಂದ್ರೊ ಎಳೆದು ಹಾಕಿದವನು
ಬೀಡಿ ತೆಗೆಯದೆ ಕೇಳಿದ, “ಕಿತೆಂ ಮೆಳ್ಳೆಂ?”
ಏನು ಸಿಕ್ಕಿತು ಎಂದು.
ಇವಳು ಗಂಟನ್ನು ಎತ್ತಿ ತೋರಿಸಿದಳು:
“ಸಿಕ್ಕು.”
ಅವನಿಗೆ ತಿಳಿಯಲಿಲ್ಲ.
ನಾನು ನಕ್ಕು ನಕ್ಕು ಡಬ್ಬಿ ಚೆಲ್ಲಿದೆ.

ನಲವತ್ತು ಮೀಟರು ದಾರ, ಹೊಸದು.
ಕತ್ತರಿಸಲು ಮನಸ್ಸಾಗದೆ
ಕಟ್ಟೆಯ ಮೇಲೆ ಅದನ್ನು ನಡುವೆ ಇಟ್ಟು ಕೂತೆವು.
ನಾನು ಎಳೆದೆ. ಬಿಗಿಯಿತು.
ಇನ್ನೊಂದು ಕಡೆ ಎಳೆದೆ. ಇನ್ನೂ ಬಿಗಿಯಿತು.
“ಎಳೀಬಾರ್ದಪ್ಪಾ.
ತುದಿಯಿಂದ ಸಡಲ ಮಾಡ್ಕೋತ ಬರಬೇಕು,
ಅವ್ವ ಬಾಚೂ ಹಂಗ.
ನೀ ನೆತ್ತಿಂದನ ಜಗ್ಗತಿ.”

ನೆತ್ತಿಯಿಂದ.

ಅವ್ವನ ಪಾಳಿ ಇದ್ದ ದಿನ ಅವಳ ಜಡೆ ನನ್ನ ಪಾಲಿಗೆ.
ಒದ್ದೆ ಕೈಯಲ್ಲಿ, ಕತ್ತಲಲ್ಲಿ
ಏಳು ಬಗೆಯ ಗಂಟು ಹಾಕಬಲ್ಲೆ ನಾನು;
ಕೂದಲ ಮೂರು ಎಳೆ ಮಾತ್ರ ಕೈಗೆ ಒಗ್ಗುವುದಿಲ್ಲ.
ಕೆಳಗೆ ಶಾಲೆಯ ವ್ಯಾನು ಹಾರನ್ನು ಹೊಡೆಯುತ್ತದೆ,
ನಾನು ಬಾಚಣಿಗೆ ಊರಿ ಕೆಳಕ್ಕೆ ಸೀಳುತ್ತೇನೆ,
ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ
ಬಾಗಿಲ ಹಿಡಿಕೆ ಹಿಡಿದು ನಿಲ್ಲುತ್ತಾಳೆ.
ಒಂದು ದಿನವೂ ‘ಹಾ’ ಅಂದವಳಲ್ಲ.
ಮೀನಿಗೆ ಕೂಗು ಬರುವುದಿಲ್ಲ ಎಂದು ಗೊತ್ತಿತ್ತು ನನಗೆ,
ಗಾಳ ಬಿಡಿಸುವಾಗ ಬಾಯಿಯನ್ನಷ್ಟು
ಮೆತ್ತಗೆ ಹಿಡಿಯುತ್ತೇನೆ.

ಏನೂ ಹೇಳಲಿಲ್ಲ. ತುದಿ ಹುಡುಕಿದೆ.
ಅವಳ ಸಣ್ಣ ಬೆರಳು ಹೋದಲ್ಲಿ ನನ್ನದು ಹೋಗದು,
ಅವಳು ತೂರಿಸಿದ್ದನ್ನು ಹಿಡಿದುಕೊಳ್ಳುವುದಷ್ಟೇ ನನ್ನ ಕೆಲಸ.
ಭರತ ಇಳಿಯಿತು. ಬಾರ್ಜೊಂದು ಹೊಗೆ ಬಿಟ್ಟು ಹೋಯಿತು.
ಚೆಲ್ಲಿದ ಸಿಗಡಿಯನ್ನು ಕಾಗೆಗಳು
ನಮ್ಮ ಎದುರೇ ಹಂಚಿಕೊಂಡವು.
ಅರ್ಧ ದಾರ ಬಿಡಿಸಿಕೊಂಡೆವು,
ಅರ್ಧ ಹಾಗೇ ಅವಳ ಫ್ರಾಕಿನ ಜೇಬಿಗೆ.

ಸೋಮವಾರ ಬೆಳಗ್ಗೆ
ಕೂದಲ ತುದಿ ಮುಷ್ಟಿಯಲ್ಲಿ ಹಿಡಿದು
ಬೆರಳಷ್ಟು ಬೆರಳಷ್ಟು ಮೇಲೇರಿದೆ.
ವ್ಯಾನು ಮೂರು ಸಲ ಕೂಗಿ ಹೊರಟುಹೋಯಿತು.
ಜಡೆಯೇನೋ ಆಯಿತು, ಸ್ವಲ್ಪ ಎಡಕ್ಕೆ ಸೊಟ್ಟ.
ಸ್ಕೂಟರಿನಲ್ಲಿ ಮಾಂಗೋರ್ ಹಿಲ್ ದಾಟುವಷ್ಟರಲ್ಲಿ
ರಿಬ್ಬನ್ನು ಎಲ್ಲಿ ಬಿತ್ತೋ, ಗಾಳಿಗೆ ಪೂರಾ ಬಿಚ್ಚಿಕೊಂಡು
ನನ್ನ ಹೆಲ್ಮೆಟ್ಟಿನ ಪಟ್ಟಿಗೆ ಸುತ್ತಿಕೊಂಡಿತು.
ನಿಲ್ಲಿಸಲು ಹೋದೆ.
“ಇರ್ಲಿ ನಡಿಯಪಾ,” ಅಂದಳು ಬೆನ್ನಿಗೆ ಕೆನ್ನೆ ಒತ್ತಿ,
“ಪ್ರಾರ್ಥನಾ ಸುರು ಆಗ್ತದ. ಸಂಜೀಕ ಬಿಡಸೂಣು.”